ಬರಿಗೈಯಲ್ಲಾದರೂ ಹೋಗಿ, ಬಳಿಯಲ್ಲಿ ಕುಳಿತುಕೊಳ್ಳಿ

ಪ್ರಿಯ ಸಹೋದರಿ, ನಿಮ್ಮ ತಾಯಿಯೋ ಅತ್ತೆಯೋ ಗುಣವಾಗದ ಕಾಯಿಲೆಯಿಂದ ಆರೈಕೆ ಕೇಂದ್ರವೊಂದರಲ್ಲಿ ಮಲಗಿದ್ದಾರೆಯೇ? 'ಹೆತ್ತವಳನ್ನು ಹೊರಗೆ ಹಾಕಿದರು' ಎಂಬ ನೆರೆಹೊರೆಯ ಮಾತಿಗೆ ಅಂಜಿಯೋ, ಅವರ ಸೊರಗಿದ ಮುಖ ನೋಡಲಾರದೆಯೋ ಭೇಟಿಯನ್ನು ಮುಂದೂಡುತ್ತಿದ್ದೀರಾ? ಹಾಗಾದರೆ ಈ ನಾಲ್ಕು ಮಾತು ನಿಮಗಾಗಿ.

ನನ್ನ ಚಿಕ್ಕಮ್ಮ ಕ್ಯಾನ್ಸರಿನಿಂದ ಅಂತಹ ಕೇಂದ್ರದಲ್ಲಿದ್ದಾಗ ನಾನೂ ಮುಂದೂಡಿದೆ. ಶಾಲೆಯ ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಕೊನೆಗೂ ಹೋದ ದಿನ ಕಿತ್ತಳೆ, ಖರ್ಜೂರ, ಒಂದು ಡಬ್ಬಿ ಪಾಯಸ ಒಯ್ದಿದ್ದೆ. ಅವರು ಯಾವುದನ್ನೂ ಮುಟ್ಟಲಿಲ್ಲ. ನನ್ನ ಕೈ ಹಿಡಿದು, "ಇಷ್ಟು ದಿನ ಎಲ್ಲಿದ್ದೆ?" ಎಂದರು. ಆ ಪ್ರಶ್ನೆಗೆ ಇಂದಿಗೂ ನನ್ನಲ್ಲಿ ಉತ್ತರವಿಲ್ಲ.

ಮನೆಯಲ್ಲಿ ನೋವು ಹತೋಟಿಗೆ ಬಾರದಿದ್ದಾಗ, ಮಲಗಿದಲ್ಲೇ ಹುಣ್ಣಾಗತೊಡಗಿದಾಗ ನುರಿತ ದಾದಿಯರ ಕೈಗೆ ಒಪ್ಪಿಸುವುದು ತಪ್ಪಲ್ಲ. ಬೆಂಗಳೂರಿನ ಕರುಣಾಶ್ರಯವು 1999ರಿಂದ, ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ಆರೈಕೆ ಮಾಡುತ್ತಿದೆ. ಅಲ್ಲಿಗೆ ಸೇರಿಸುವುದು ತೊರೆಯುವುದಲ್ಲ. ಸೇರಿಸಿದ ಮೇಲೆ ಆ ಕಡೆ ತಲೆ ಹಾಕದಿರುವುದೇ ತೊರೆಯುವುದು.

ರೋಗಿಯನ್ನು ಸಂದರ್ಶಿಸುವುದನ್ನು ಪ್ರವಾದಿ ಮುಹಮ್ಮದ್(ಸ)ರು ಒಬ್ಬ ಮುಸ್ಲಿಮನಿಗೆ ಇನ್ನೊಬ್ಬನ ಮೇಲಿರುವ ಹಕ್ಕುಗಳಲ್ಲಿ ಸೇರಿಸಿದ್ದಾರೆ. ತಮ್ಮ ಸೇವೆ ಮಾಡುತ್ತಿದ್ದ ಯಹೂದಿ ಬಾಲಕ ಕಾಯಿಲೆ ಬಿದ್ದಾಗ ಅವರು ಸ್ವತಃ ಹೋಗಿ ಅವನ ತಲೆಯ ಬಳಿ ಕುಳಿತರು. ಹೀಗಿರುವಾಗ ನಮ್ಮ ಹೆತ್ತವರ ಹಕ್ಕು ಇನ್ನೆಷ್ಟು ದೊಡ್ಡದಿರಬೇಕು!

ಹೋದಾಗ ಮೊದಲು ಕೈ ತೊಳೆದುಕೊಳ್ಳಿ. ಕೆಮ್ಮು, ಜ್ವರ ಇದ್ದರೆ ಅಂದು ಹೋಗಬೇಡಿ, ಫೋನ್ ಮಾಡಿ. ನಿಂತೇ ಮಾತಾಡಿ ಹೊರಡಬೇಡಿ, ಹತ್ತಿರ ಕುಳಿತು ಕೈ ಹಿಡಿದುಕೊಳ್ಳಿ. ಬಲವಂತವಾಗಿ ಉಣಿಸಬೇಡಿ. ಕೊನೆಯ ದಿನಗಳಲ್ಲಿ ದೇಹ ಆಹಾರವನ್ನು ಬೇಡುವುದಿಲ್ಲ, ನುಂಗಲಾಗದ್ದು ಶ್ವಾಸನಾಳಕ್ಕೆ ಇಳಿಯಬಹುದು. ದಾದಿಯನ್ನು ಕೇಳಿ, ಒದ್ದೆ ಹತ್ತಿಯಿಂದ ತುಟಿ ತೇವ ಮಾಡಿದರೆ ಸಾಕು. ಪ್ರಜ್ಞೆ ಇಲ್ಲದಂತೆ ಕಂಡರೂ ಅವರಿಗೆ ಕೇಳಿಸುತ್ತಿರಬಹುದು. ಆದ್ದರಿಂದ ಮಂಚದ ಬಳಿ ಖರ್ಚು, ಆಸ್ತಿಯ ಮಾತು ಬೇಡ. 'ನಾಳೆಯೇ ಗುಣವಾಗುತ್ತೀರಿ' ಎಂಬ ಸುಳ್ಳೂ ಬೇಡ. ಮೊಮ್ಮಕ್ಕಳ ಸುದ್ದಿ ಹೇಳಿ, ಮೆಲುದನಿಯಲ್ಲಿ ದುಆ ಮಾಡಿ.

ಕಿಬ್ಲಾ ಯಾವ ಕಡೆಗಿದೆ, ತಲೆವಸ್ತ್ರ ಕೈಗೆಟಕುವಂತಿರಬೇಕು, ಮೈ ಒರೆಸಲು ಮಹಿಳಾ ಸಿಬ್ಬಂದಿಯೇ ಬೇಕು ಎಂಬುದನ್ನು ಅಲ್ಲಿನವರಿಗೆ ಸೌಜನ್ಯದಿಂದ ತಿಳಿಸಿ. ವುಝೂ ಮಾಡಲಾಗದಿದ್ದರೆ ತಯಮ್ಮುಮ್ ಮಾಡಿಸಿ. ನಿಲ್ಲಲಾಗದವರು ಕುಳಿತು, ಅದೂ ಆಗದವರು ಮಲಗಿಯೇ ನಮಾಝ್ ಮಾಡಬಹುದು. 'ನನ್ನ ನಮಾಝ್ ತಪ್ಪಿತಲ್ಲಾ' ಎಂಬ ಕೊರಗು ಎಷ್ಟೋ ಹಿರಿಯರನ್ನು ಕಾಯಿಲೆಗಿಂತ ಹೆಚ್ಚು ಕಾಡುತ್ತದೆ.

ಹೊರಡುವಾಗ ಆ ದಾದಿಯರಿಗೆ ಒಂದು ಕೃತಜ್ಞತೆಯ ಮಾತು ಹೇಳಿ. ಮತ್ತೆ ಯಾವಾಗ ಬರುವಿರೆಂದು ರೋಗಿಗೆ ತಿಳಿಸಿ. ಹೇಳಿದ ದಿನ ತಪ್ಪಬೇಡಿ, ಅವರು ಬಾಗಿಲನ್ನೇ ನೋಡುತ್ತಿರುತ್ತಾರೆ.

ಕೈಯಲ್ಲಿ ಹಣ್ಣಿಲ್ಲ, ಹೇಳಲು ಮಾತಿಲ್ಲ ಎಂದು ಹಿಂಜರಿಯಬೇಡಿ. ಈ ವಾರವೇ ಹೋಗಿ. ನನ್ನಂತೆ ತಡ ಮಾಡಬೇಡಿ. ಅಲ್ಲಾಹನು ನಮ್ಮೆಲ್ಲ ರೋಗಿಗಳ ನೋವನ್ನು ಹಗುರಗೊಳಿಸಲಿ, ಆಮೀನ್.