ಪ್ರೆಶರ್ ವಾಷರ್ ಖರೀದಿ: ‘ಬಾರ್’ ಒಂದನ್ನೇ ನೋಡಿದರೆ ಸಾಲದು

ವಿಜಯಪುರ ನಗರದಲ್ಲಿ ಕಾರು ತೊಳೆಯುವ ಕೇಂದ್ರ ತೆರೆಯಬಯಸುವವರಾಗಲಿ, ತಿಕೋಟಾ, ಬಬಲೇಶ್ವರಗಳಲ್ಲಿ ಮನೆಯಂಗಳ ಹಾಗೂ ಸ್ವಂತ ವಾಹನದ ಸ್ವಚ್ಛತೆಗೆಂದು ಯಂತ್ರ ಕೊಳ್ಳುವವರಾಗಲಿ, ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ ‘ಬಾರ್’ ಅಂಕಿಯನ್ನೇ ಮೊದಲು ನೋಡುವುದು ಸಹಜ. ಆದರೆ ಆ ಅಂಕಿ ಸಾಮಾನ್ಯವಾಗಿ ಗರಿಷ್ಠ ಒತ್ತಡದ್ದು. ಯಂತ್ರ ನಿರಂತರವಾಗಿ ಕೊಡುವ ಕಾರ್ಯಒತ್ತಡ ಅದಕ್ಕಿಂತ ಕಡಿಮೆ.

ಇದನ್ನು ಪರೀಕ್ಷಿಸಲು ಸರಳ ಲೆಕ್ಕವಿದೆ. ಒತ್ತಡವನ್ನು ನಿಮಿಷಕ್ಕೆ ಹೊರಬರುವ ಲೀಟರಿನಿಂದ ಗುಣಿಸಿ 600ರಿಂದ ಭಾಗಿಸಿದರೆ ನೀರಿಗೆ ದೊರೆಯುವ ಶಕ್ತಿ ಕಿಲೋವ್ಯಾಟ್‌ನಲ್ಲಿ ಸಿಗುತ್ತದೆ. 150 ಬಾರ್, 8 ಲೀಟರ್ ಎಂದರೆ 2 ಕಿಲೋವ್ಯಾಟ್. 1,400 ವ್ಯಾಟ್ ಮೋಟಾರಿನ ಯಂತ್ರ ಇವೆರಡನ್ನೂ ಏಕಕಾಲಕ್ಕೆ ಕೊಡಲಾರದು. ಮೋಟಾರು, ಪಂಪುಗಳಲ್ಲಿ ನಷ್ಟವಾಗುವ ಶಕ್ತಿಯಂತೂ ಬೇರೆಯೇ. ಕಾರಿಗೆ 100 ಬಾರ್ ಆಸುಪಾಸು, ನಿಮಿಷಕ್ಕೆ 6 ಲೀಟರ್ ಧಾರಾಳ. ಡೋಣಿ ಸಾಲಿನ ಎರೆಮಣ್ಣು ಗಾಡಿಯ ತಳಕ್ಕೆ ಅಂಟಿ ಒಣಗಿದ್ದರೆ ಒತ್ತಡ ಏರಿಸುವುದಕ್ಕಿಂತ ಮೊದಲು ನೆನೆಸಿಬಿಡುವುದೇ ಲೇಸು. ಮಣ್ಣನ್ನು ಕೊಚ್ಚಿಕೊಂಡು ಹೋಗುವುದು ನೀರಿನ ಪ್ರಮಾಣ.

ದ್ರಾಕ್ಷಿ ಬೆಳೆಗಾರರ ಬಳಿ ಎಚ್‌ಟಿಪಿ ಸಿಂಪರಣೆ ಪಂಪು ಇದ್ದೇ ಇರುತ್ತದೆ. ಟ್ರ್ಯಾಕ್ಟರ್, ಟ್ರೇಲರ್ ತೊಳೆಯಲು ಅದು ಸಾಕು. ಆದರೆ ಔಷಧಿ ಬೆರೆಸಿದ ಟ್ಯಾಂಕು, ಪೈಪುಗಳನ್ನೇ ಮನೆಯಂಗಳಕ್ಕೆ ಬಳಸತಕ್ಕದ್ದಲ್ಲ.

ಮೋಟಾರಿನ ಬಗೆಯೇ ಬೆಲೆಯ ಅಂತರಕ್ಕೆ ಮುಖ್ಯ ಕಾರಣ. ಕಾರ್ಬನ್ ಬ್ರಷ್ ಇರುವ ಯಂತ್ರ ಹಗುರ, ಅಗ್ಗ. ಸದ್ದು ಹೆಚ್ಚು, ನಡುನಡುವೆ ವಿಶ್ರಾಂತಿ ಬೇಕು. ವಾರಕ್ಕೊಮ್ಮೆ ಕಾರು ತೊಳೆಯುವ ಮನೆಗೆ ಇದೇ ಸರಿ. ದಿನವಿಡೀ ದುಡಿಸುವವರು ಇಂಡಕ್ಷನ್ ಮೋಟಾರು, ಹಿತ್ತಾಳೆ ತಲೆಯ ಪಂಪು ಇರುವುದನ್ನೇ ಆರಿಸಬೇಕು. ಇಂಡಕ್ಷನ್ ಮೋಟಾರು ಚಾಲೂ ಆಗುವಾಗ ಹೆಚ್ಚು ಕರೆಂಟ್ ಎಳೆಯುವುದರಿಂದ ವೋಲ್ಟೇಜ್ ಇಳಿಯುವ ಹಳ್ಳಿಗಳಲ್ಲಿ ದಪ್ಪ ವೈರು ಅವಶ್ಯ. ನೀರಿನ ನಡುವೆ ನಿಂತು ಮಾಡುವ ಕೆಲಸವಾದ್ದರಿಂದ ಅರ್ಥಿಂಗ್ ಮತ್ತು 30 ಮಿಲಿಆಂಪಿಯರ್ ಆರ್‌ಸಿಸಿಬಿ ಇಲ್ಲದೆ ಯಾವ ಯಂತ್ರವನ್ನೂ ಚಾಲೂ ಮಾಡಬಾರದು.

ಬೋರ್‌ವೆಲ್‌ನ ಗಡಸು ನೀರು ಇಲ್ಲಿ ಇನ್ನೊಂದು ತೊಡಕು. ಉಪ್ಪಿನಂಶ ವಾಲ್ವ್‌ಗಳಲ್ಲಿ ಕಟ್ಟಿಕೊಳ್ಳುತ್ತದೆ, ಬಿಸಿಲಿಗೆ ಒಣಗಿದರೆ ಬಣ್ಣದ ಮೇಲೆ ಬಿಳಿ ಕಲೆ ಬಿಡುತ್ತದೆ. ಒಳಹರಿವಿನ ಫಿಲ್ಟರ್ ಇರಲೇಬೇಕು. ಕಾರನ್ನು ನೆರಳಿನಲ್ಲಿ ತೊಳೆದು ಕೂಡಲೇ ಒರೆಸಬೇಕು.

ಬಣ್ಣಕ್ಕೆ 25 ಅಥವಾ 40 ಡಿಗ್ರಿ ನಾಜಲ್, ಒಂದು ಅಡಿ ಅಂತರ. ಸೂಜಿಯಂತೆ ಚುಚ್ಚುವ 0 ಡಿಗ್ರಿಯದನ್ನು ಟೈರಿಗೂ ಹಿಡಿಯಬಾರದು. ನಗರದ ಹಳೆಯ ಗಚ್ಚುಗಾರೆ ಗೋಡೆಗಳಿಗಂತೂ ಈ ಯಂತ್ರವೇ ಬೇಡ. ಕೊಳೆಯೊಂದಿಗೆ ಸಂದಿನ ಗಾರೆಯೂ ಹೋಗುತ್ತದೆ.

ಮನೆಬಳಕೆಯ ಮಾದರಿಯನ್ನು ವ್ಯಾಪಾರಕ್ಕೆ ಹಚ್ಚಿದರೆ ಹಲವು ಕಂಪನಿಗಳ ವಾರಂಟಿ ಅನ್ವಯಿಸದು. ಕೇಂದ್ರ ತೆರೆಯುವವರು ‘ವಾಣಿಜ್ಯ ಬಳಕೆಗೆ’ ಎಂದು ಬಿಲ್ಲಿನಲ್ಲೇ ಬರೆಸಿಕೊಳ್ಳಬೇಕು. ಸೀಲ್, ಓ-ರಿಂಗ್, ಗನ್‌ಗಳು ಊರಿನಲ್ಲೇ ದೊರೆಯುತ್ತವೆಯೇ ಎಂಬುದನ್ನು ಹಣ ಎಣಿಸುವ ಮೊದಲೇ ಕೇಳತಕ್ಕದ್ದು.