ತೋಟದ ನಡುವಿನ ನಾಟಕಶಾಲೆ

ಸಾಗರದಿಂದ ಹೆಗ್ಗೋಡಿಗೆ ಹತ್ತು ಕಿಲೋಮೀಟರ್‌ಗೂ ಕಡಿಮೆ ದಾರಿ. ಸುತ್ತಲೂ ಅಡಿಕೆ ತೋಟ, ಗದ್ದೆ, ಕಾಡು. ಇಂಥ ಊರಿನಲ್ಲಿ ಕಾಳಿದಾಸ, ಷೇಕ್ಸ್‌ಪಿಯರ್, ಬ್ರೆಕ್ಟ್ ಇವರ ನಾಟಕಗಳನ್ನು ನೋಡುತ್ತಲೇ ಬೆಳೆದ ಕೃಷಿಕರಿದ್ದಾರೆ ಎಂದರೆ ಹೊರಗಿನವರು ಹುಬ್ಬೇರಿಸುತ್ತಾರೆ. ಮಲೆನಾಡಿನವರಿಗೆ ಅಷ್ಟೇನೂ ಆಶ್ಚರ್ಯವಿಲ್ಲ. ಸಾಗರದಿಂದ ಹೊಸನಗರ, ತೀರ್ಥಹಳ್ಳಿ, ಆಗುಂಬೆ ದಾರಿಯ ಮೇಗರವಳ್ಳಿವರೆಗೆ ಇದು ಯಕ್ಷಗಾನದ ಸೀಮೆ. ರಾತ್ರಿಯೆಲ್ಲ ಆಟ ನೋಡಿ, ಯಾರ ಅರ್ಥಗಾರಿಕೆ ಎಲ್ಲಿ ಸೋತಿತು ಎಂದು ವಾದ ಮಾಡಿಕೊಂಡೇ ಬೆಳಗ್ಗೆ ತೋಟಕ್ಕೆ ಇಳಿಯುವವರು ಇಲ್ಲಿ ಯಾವಾಗಲೂ ಇದ್ದರು.

ಆ ನೆಲದಲ್ಲೇ 1949ರಲ್ಲಿ ಹೆಗ್ಗೋಡಿನ ಕೆಲವು ಉತ್ಸಾಹಿಗಳು ಊರ ದೇವರ ಹೆಸರಿನಲ್ಲಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಕಟ್ಟಿದರು. ಉದ್ದ ಹೆಸರು ಬಾಯಿಂದ ಬಾಯಿಗೆ ಸವೆದು ‘ನೀನಾಸಮ್’ ಆಯಿತು. ಅದರ ಬೆನ್ನೆಲುಬಾದ ಕೆ.ವಿ. ಸುಬ್ಬಣ್ಣ (1932–2005) ಮೈಸೂರಿನಲ್ಲಿ ಓದಿದವರು. ಓದು ಮುಗಿಸಿ ನೌಕರಿಯ ಹಿಂದೆ ಹೋಗದೆ ಊರಿಗೆ ಮರಳಿ ತೋಟವನ್ನೂ ನಾಟಕವನ್ನೂ ಒಟ್ಟಿಗೆ ನೋಡಿಕೊಂಡರು. ಜೊತೆಗೆ ಅಕ್ಷರ ಪ್ರಕಾಶನವೂ ಇತ್ತು. 

1972ರಲ್ಲಿ ಶಿವರಾಮ ಕಾರಂತ ರಂಗಮಂದಿರ ಎದ್ದಿತು. ಮರುವರ್ಷ ಚಿತ್ರಸಮಾಜ ಶುರುವಾಗಿ ‘ಪಥೇರ್ ಪಾಂಚಾಲಿ’, ‘ಬೈಸಿಕಲ್ ಥೀವ್ಸ್’, ‘ರಶೋಮನ್’ನಂಥ ಚಿತ್ರಗಳು ಹಳ್ಳಿಯವರ ಕಣ್ಣಿಗೆ ಬಿದ್ದವು. ಹಳ್ಳಿಗರಿಗೆ ಇದೆಲ್ಲ ಅರ್ಥವಾಗದು ಎಂಬ ಪೇಟೆಯವರ ಅನುಮಾನಕ್ಕೆ ಹೆಗ್ಗೋಡು ವಾದ ಮಾಡಿ ಉತ್ತರಿಸಲಿಲ್ಲ. ಚಿತ್ರ ತೋರಿಸಿತು, ಮಾತಾಡಲು ಬಿಟ್ಟಿತು. 1980ರಲ್ಲಿ ರಂಗಶಿಕ್ಷಣ ಕೇಂದ್ರ ಬಂತು. ವಿದ್ಯಾರ್ಥಿಗಳು ಅಲ್ಲೇ ಉಳಿದು ಅಭಿನಯದ ಜೊತೆಗೆ ರಂಗಸಜ್ಜಿಕೆ, ಬೆಳಕು, ಪ್ರಸಾಧನವನ್ನೂ ಕಲಿಯುತ್ತಾರೆ. ಮಂಡ್ಯ ರಮೇಶ್, ಅಚ್ಯುತ್ ಕುಮಾರ್, ಸತೀಶ್ ನೀನಾಸಂ ಇಲ್ಲಿಂದಲೇ ಹೊರಟವರು. ಬೆಳ್ಳಿತೆರೆಯ ಈ ಹೆಸರುಗಳನ್ನು ಹೇಳಿ ಸಂಸ್ಥೆಯನ್ನು ಮೆಚ್ಚುವುದು ರೂಢಿ. ಆದರೆ ತಮ್ಮ ಊರಿಗೆ ಮರಳಿ ಶಾಲೆಯಲ್ಲೋ ಸಣ್ಣ ತಂಡದಲ್ಲೋ ನಾಟಕ ಮಾಡಿಸುತ್ತಿರುವ ಹಳೆಯ ವಿದ್ಯಾರ್ಥಿಗಳೇ ಅದರ ನಿಜವಾದ ಫಸಲು.

ಇನ್ನೂ ದೊಡ್ಡ ಸಾಧನೆ 1985ರಲ್ಲಿ ಹೊರಟ ‘ತಿರುಗಾಟ’ ಎಂಬ ನಾಟಕ ತಂಡ. ಯಕ್ಷಗಾನ ಮೇಳಗಳಂತೆ ಇದೂ ಮಳೆಗಾಲ ಕಳೆದ ಮೇಲೆ ಊರೂರು ಸುತ್ತುತ್ತದೆ. ಮಳೆಗಾಲದಲ್ಲಿ ತಾಲೀಮು, ಆಮೇಲೆ ನಟನಟಿಯರು, ವೇಷಭೂಷಣದ ಪೆಟ್ಟಿಗೆಗಳು, ದೀಪ, ಸಜ್ಜಿಕೆಯ ಚೌಕಟ್ಟು ಎಲ್ಲವೂ ಗಾಡಿ ಹತ್ತುತ್ತವೆ. ಊರು ಮುಟ್ಟಿದರೆ ಸಾಮಾನು ಇಳಿಸುವವರು, ಮೊಳೆ ಹೊಡೆಯುವವರು, ತಂತಿ ಎಳೆಯುವವರು ಸಂಜೆ ಬಣ್ಣ ಹಚ್ಚುವ ಅದೇ ಕಲಾವಿದರು. ರಾಜನ ಪಾತ್ರದವನೂ ಆಟ ಮುಗಿದ ಮೇಲೆ ಹಲಗೆ ಹೊರಬೇಕು. ಸರಿಯಾದ ರಂಗಮಂದಿರ ಇಲ್ಲದ ಕಡೆ ಶಾಲೆಯ ಅಂಗಳವಾದರೂ ಆದೀತು, ಕಲ್ಯಾಣ ಮಂಟಪವಾದರೂ ಆದೀತು. ಇದ್ದ ಜಾಗಕ್ಕೆ ನಾಟಕ ಹೊಂದಿಕೊಳ್ಳುತ್ತದೆ.

ಊರಿನ ಕಡೆಯಿಂದಲೂ ಅಷ್ಟೇ ಕೆಲಸವಿದೆ. ಸ್ಥಳೀಯ ಸಂಘವೋ ಕಾಲೇಜೋ ಜಾಗ ಹುಡುಕಬೇಕು, ಟಿಕೆಟ್ ಮಾರಬೇಕು, ತಂಡಕ್ಕೆ ಊಟ-ವಸತಿ ನೋಡಬೇಕು. ಹೀಗೆ ವರ್ಷವರ್ಷವೂ ನಾಟಕ ಕರೆಸುವ ಅಭ್ಯಾಸ ಎಷ್ಟೋ ಊರುಗಳಲ್ಲಿ ಬೆಳೆಯಿತು. ನಟರನ್ನು ತಯಾರು ಮಾಡುವ ಸಂಸ್ಥೆಗಳು ದೇಶದಲ್ಲಿ ಹಲವಿವೆ. ನೋಡುವವರನ್ನೂ ಕರೆಸುವವರನ್ನೂ ಬೆಳೆಸಿದ್ದು ಹೆಗ್ಗೋಡಿನ ಹೆಚ್ಚುಗಾರಿಕೆ. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಹೊರಜಗತ್ತು ಈ ಊರಿನತ್ತ ತಿರುಗಿ ನೋಡಿತು.

ಅವರ ನಂತರ ಮಗ, ನಿರ್ದೇಶಕ ಕೆ.ವಿ. ಅಕ್ಷರ ಮತ್ತು ಜೊತೆಗಾರರು ಕೆಲಸ ಮುಂದುವರಿಸಿದ್ದಾರೆ. ಕೈಯಲ್ಲೇ ಸಿನಿಮಾ ಸಿಗುವ ಈ ಕಾಲದಲ್ಲಿ ಸಣ್ಣ ಊರಿನಲ್ಲಿ ಟಿಕೆಟ್ ಮಾರುವುದು ಸುಲಭವಲ್ಲ. ನಿಮ್ಮ ಊರಿಗೆ ತಿರುಗಾಟ ಬಂದರೆ ಪಾಸ್ ಕೇಳಬೇಡಿ, ಟಿಕೆಟ್ ಕೊಂಡು ಹೋಗಿ. ಬಾರದಿದ್ದರೆ ನಾಲ್ಕು ಜನ ಸೇರಿ ಕರೆಸಿ.