ಲ್ಯಾಪ್‌ಟಾಪಿನ ಮಾಂದ್ಯ: ಚಿಕಿತ್ಸೆಗೆ ಮೊದಲು ನಿದಾನ

ರೋಗದ ಮೂಲವನ್ನರಿಯದೆ ಮದ್ದು ಕೊಡುವವನನ್ನು ವೈದ್ಯನೆಂದು ಯಾರೂ ಕರೆಯರು. ಮೂಲಕಾರಣವನ್ನು ನಿಶ್ಚಯಿಸುವ ಕಾರ್ಯಕ್ಕೆ ಆಯುರ್ವೇದದಲ್ಲಿ ನಿದಾನವೆಂದು ಹೆಸರು. ಮಾಧವಕರನು ಅದೊಂದಕ್ಕಾಗಿಯೇ ಪ್ರತ್ಯೇಕ ಗ್ರಂಥವನ್ನು ರಚಿಸಿರುವನು. ಶರೀರಕ್ಕೆ ಸಲ್ಲುವ ಈ ನಿಯಮವು ಮನೆಯ ಯಂತ್ರಗಳಿಗೂ ಸಲ್ಲುವುದೆಂಬುದನ್ನು ನಾವು ಅರುವತ್ತರ ವಯಸ್ಸಿನಲ್ಲಿ, ಅದೂ ತಪ್ಪುಮಾಡಿ, ಕಲಿತೆವು. ಆ ವೃತ್ತಾಂತವು ವಾಚಕರಲ್ಲಿ ಕೆಲವರ ಹಣವನ್ನೂ ಮನೆಯ ನೆಮ್ಮದಿಯನ್ನೂ ಉಳಿಸೀತೆಂದು ಇಲ್ಲಿ ಬರೆಯುತ್ತಿರುವೆವು.

ನಮ್ಮ ಕಿರಿಯ ಮಗನು ಕಟ್ಟಡಶಿಲ್ಪದ ವಿದ್ಯಾರ್ಥಿ. ನಿವೃತ್ತರಾದಾಗ ಬಂದ ಹಣದಲ್ಲಿ ಅವನಿಗೊಂದು ಗೇಮಿಂಗ್ ಲ್ಯಾಪ್‌ಟಾಪನ್ನು ಕೊಡಿಸಿದ್ದೆವು. ಹಗಲು ಅದರಲ್ಲಿ ಕಟ್ಟಡಗಳ ನಕ್ಷೆಗಳನ್ನು ರಚಿಸುವನು. ರಾತ್ರಿ ಗೆಳೆಯರೊಡನೆ ಆಟವಾಡುವನು. ಒಂದು ವರ್ಷ ಚೆನ್ನಾಗಿದ್ದ ಯಂತ್ರವು ಇದ್ದಕ್ಕಿದ್ದಂತೆ ಮಂದವಾಯಿತು. ಪರದೆಯ ಮೇಲೆ ಓಡಬೇಕಾದ ಚಿತ್ರಗಳು ಕುಂಟತೊಡಗಿದವು. “ರಾತ್ರಿಯೆಲ್ಲ ಆಟವಾಡಿ ಕೆಡಿಸಿದೆ” ಎಂದು ನಾವು ಗದರಿಸಿದೆವು. “ಇಲ್ಲಪ್ಪಾ, ನಾನೇನೂ ಮಾಡಲಿಲ್ಲ” ಎಂದಷ್ಟೇ ಹೇಳಿ ಅವನು ಸುಮ್ಮನಾದನು. ರಿಪೇರಿ ಅಂಗಡಿಯವನು ಯಂತ್ರವನ್ನು ಬಿಚ್ಚಿಯೂ ನೋಡದೆ, ಗ್ರಾಫಿಕ್ಸ್ ಚಿಪ್ಪು ಹೋಗಿದೆ, ಬೋರ್ಡನ್ನೇ ಬದಲಿಸಬೇಕು, ೩೮,೦೦೦ ರೂಪಾಯಿ ತಗಲುವುದು ಎಂದನು. ಅದು ನಮ್ಮ ತಿಂಗಳ ಪಿಂಚಣಿಗಿಂತಲೂ ಮಿಗಿಲು. “ಯೋಚಿಸಿ ಹೇಳುವೆವು” ಎಂದು ಹಿಂದಿರುಗಿದೆವು.

ಅಂದು ರಾತ್ರಿ ನಮಗೆ ತರ್ಕಶಾಸ್ತ್ರದ ಅನ್ವಯವ್ಯತಿರೇಕಗಳು ನೆನಪಾದವು. ಒಂದು ಇದ್ದರೆ ಮತ್ತೊಂದು ಇರುವುದು ಅನ್ವಯ. ಅದು ಇಲ್ಲದಿದ್ದರೆ ಇದೂ ಇಲ್ಲದಿರುವುದು ವ್ಯತಿರೇಕ. ಎರಡೂ ಕೂಡಿಬಂದಾಗಲೇ ಕಾರಣವು ಸಿದ್ಧವಾಗುವುದು. ಆದಕಾರಣ ಒಂದು ಸಲಕ್ಕೆ ಒಂದನ್ನು ಮಾತ್ರ ಪರೀಕ್ಷಿಸತಕ್ಕದ್ದೆಂದು ನಿಶ್ಚಯಿಸಿ, ಮಗನನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಂಡೆವು.

ಯಂತ್ರದ ಶ್ರಮವೆಷ್ಟೆಂಬುದನ್ನು ಮೊದಲು ತಿಳಿಯುವುದು ಒಳ್ಳೆಯದು. ಸಾಮಾನ್ಯವಾದ ಪರದೆಯಲ್ಲಿ ಅಡ್ಡಲಾಗಿ ೧೯೨೦, ಉದ್ದಕ್ಕೆ ೧೦೮೦, ಒಟ್ಟು ೨೦ ಲಕ್ಷಕ್ಕೂ ಹೆಚ್ಚು ಚುಕ್ಕೆಗಳಿರುವುವು. ಚಲನೆಯು ನುಣುಪಾಗಿ ಕಾಣಲು ಸೆಕೆಂಡಿಗೆ ೬೦ ಚಿತ್ರಗಳು ಬೇಕೆಂದರೆ, ಸೆಕೆಂಡೊಂದರಲ್ಲಿ ೧೨ ಕೋಟಿಗೂ ಮಿಕ್ಕಿ ಚುಕ್ಕೆಗಳಿಗೆ ಬಣ್ಣ ತುಂಬಬೇಕು. ಇದಕ್ಕಾಗಿ ಇಂತಹ ಲ್ಯಾಪ್‌ಟಾಪುಗಳಲ್ಲಿ ಸಾಧಾರಣವಾಗಿ ಎರಡು ಗ್ರಾಫಿಕ್ಸ್ ಘಟಕಗಳಿರುವುವು: ಮುಖ್ಯ ಪ್ರೊಸೆಸರಿನಲ್ಲೇ ಸೇರಿಕೊಂಡ ಮಿತವ್ಯಯದ್ದೊಂದು, ಸ್ವಂತ ಮೆಮೊರಿಯುಳ್ಳ ಬಲಿಷ್ಠವಾದುದೊಂದು. ಕೆಲಸಕ್ಕೆ ತಕ್ಕಂತೆ ಇವೆರಡರ ನಡುವೆ ತಾನಾಗಿಯೇ ಬದಲಾಗುವ ಆಪ್ಟಿಮಸ್ ಎಂಬ ಏರ್ಪಾಡನ್ನು ಎನ್‌ವಿಡಿಯಾ ಸಂಸ್ಥೆಯು ೨೦೧೦ರಲ್ಲಿ ಹೊರತಂದಿತು.

ಆದುದರಿಂದ ಮೊದಲನೆಯ ಪ್ರಶ್ನೆ: ದುಡಿಯುತ್ತಿರುವವರು ಯಾರು? ವಿಂಡೋಸಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಕೂಡಿ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುವುದು. ಅದರ ಪರ್ಫಾರ್ಮೆನ್ಸ್ ಪುಟದಲ್ಲಿ ಎರಡು ಘಟಕಗಳ ದುಡಿಮೆಯೂ ಬೇರೆ ಬೇರೆಯಾಗಿ ಕಾಣುವುದು. ಆಟದ ವೇಳೆಯಲ್ಲಿ ಬಲಿಷ್ಠನು ಸುಮ್ಮನಿದ್ದು ದುರ್ಬಲನೇ ಹೊರೆ ಹೊತ್ತಿದ್ದರೆ, ಸೆಟ್ಟಿಂಗ್ಸಿನ ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಎಂಬಲ್ಲಿಗೆ ಹೋಗಿ ಆ ಆಟಕ್ಕೆ ‘ಹೈ ಪರ್ಫಾರ್ಮೆನ್ಸ್’ ಎಂಬುದನ್ನು ಆರಿಸತಕ್ಕದ್ದು. ನಮ್ಮಲ್ಲಿ ಬಲಿಷ್ಠನೇ ದುಡಿಯುತ್ತಿದ್ದನು. ಚಿಪ್ಪು ಹೋಗಿದೆಯೆಂಬ ಅಂಗಡಿಯವನ ಮಾತನ್ನು ನಾವು ಶಂಕಿಸಿದುದು ಇಲ್ಲಿಯೇ.

ಎರಡನೆಯದು ತಾಪ. ಪ್ರೊಸೆಸರಿನ ಉಷ್ಣತೆಯು ೧೦೦ ಡಿಗ್ರಿ ಸೆಲ್ಸಿಯಸ್ಸಿನ ಸಮೀಪಕ್ಕೆ ಬಂದರೆ ಅದು ಆತ್ಮರಕ್ಷಣೆಗಾಗಿ ತನ್ನ ವೇಗವನ್ನು ತಾನೇ ಇಳಿಸುವುದು. ಮೊದಲ ಕೆಲವು ನಿಮಿಷ ಚೆನ್ನಾಗಿ ನಡೆದು, ಫ್ಯಾನು ಮೊರೆಯತೊಡಗಿದ ಮೇಲೆ ಕುಂಟುವುದು ಇದರ ಲಕ್ಷಣ. ಹಾಸಿಗೆಯ ಮೇಲಿಟ್ಟು ಆಡಿದರೂ, ಗಾಳಿಯ ಕಿಂಡಿಗಳಲ್ಲಿ ಧೂಳು ಕಟ್ಟಿದರೂ ಹೀಗಾಗುವುದು. ನಮ್ಮ ಯಂತ್ರವಾದರೋ ಮೊದಲ ನಿಮಿಷದಿಂದಲೇ ಕುಂಟುತ್ತಿತ್ತು.

ಮೂರನೆಯದು ಡ್ರೈವರ್, ಅಂದರೆ ಗ್ರಾಫಿಕ್ಸ್ ಘಟಕಕ್ಕೂ ವಿಂಡೋಸಿಗೂ ನಡುವೆ ದುಭಾಷಿಯಂತಿರುವ ತಂತ್ರಾಂಶ. ಹಳೆಯದಾಗಿದ್ದರೆ ತಯಾರಕರಿಂದಲೇ ಹೊಸದನ್ನು ಪಡೆಯಬೇಕು. ಹೊಸದು ಬಂದ ಮೇಲೆಯೇ ತೊಂದರೆಯಾಗಿದ್ದರೆ ಹಿಂದಿನದಕ್ಕೆ ಮರಳಬೇಕು. ನಮ್ಮಲ್ಲಿ ಅದೇ ತಿಂಗಳು ಹೊಸದು ಬಂದಿತ್ತು. ಸಿಕ್ಕಿತೆಂದು ಹಿಗ್ಗಿ ಹಿಂದಿನದನ್ನು ಹಾಕಿಸಿದೆವು, ಗುಣ ಕಾಣಲಿಲ್ಲ. ಕಾಗೆ ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋಗಿತ್ತು, ಅಷ್ಟೆ.

ಆಗ, ಮೊದಲ ದಿನವೇ ಕೇಳಬೇಕಾಗಿದ್ದ ಮಾತನ್ನು ಕೇಳಿದೆವು: “ಯಾವಾಗಿನಿಂದ ಹೀಗಾಯಿತಪ್ಪಾ?”

ಅವನು ಅಳುಕುತ್ತ, “ನೀವು ಹೊಸ ಚಾರ್ಜರ್ ತಂದುಕೊಟ್ಟಿರಲ್ಲ, ಆ ವಾರದಿಂದ” ಎಂದನು.

ಹೌದು, ಇಟ್ಟಿಗೆಯಂತಹ ಹಳೆಯ ಚಾರ್ಜರನ್ನು ಮಗನು ಕಾಲೇಜಿಗೆ ಹೊತ್ತೊಯ್ಯಬೇಕಲ್ಲ ಎಂದು, ಅಂಗೈಯಗಲದ ಹಗುರವಾದ ಟೈಪ್-ಸಿ ಚಾರ್ಜರನ್ನು ನಾವೇ ತಂದಿದ್ದೆವು. ಕನ್ನಡಕ ಹಾಕಿಕೊಂಡು ಓದಿದೆವು: ಹೊಸದರ ಮೇಲೆ ೬೫ ವಾಟ್, ಅಟ್ಟದಿಂದಿಳಿಸಿದ ಹಳೆಯದರ ಮೇಲೆ ೨೩೦ ವಾಟ್! ಬ್ಯಾಟರಿಯು ತುಂಬುತ್ತಿದ್ದುದರಿಂದ ಯಾರಿಗೂ ಸಂಶಯ ಬಂದಿರಲಿಲ್ಲ. ಸಾಕಷ್ಟು ವಿದ್ಯುತ್ತು ದೊರೆಯದೆ ಗ್ರಾಫಿಕ್ಸ್ ಘಟಕವು ಅರೆಹೊಟ್ಟೆಯ ಆಳಿನಂತೆ ದುಡಿಯುತ್ತಿತ್ತು. ಬ್ಯಾಟರಿಯೊಂದರಿಂದಲೇ ಆಡಿದರೂ ಇಂತಹ ಯಂತ್ರಗಳಿಗೆ ಬಹುಮಟ್ಟಿಗೆ ಇದೇ ಗತಿ.

ಪರೀಕ್ಷೆಯನ್ನು ಪೂರ್ಣಗೊಳಿಸಿದೆವು. ಚಿಕ್ಕ ಚಾರ್ಜರಿನಲ್ಲಿ ಸೆಕೆಂಡಿಗೆ ೨೪ ಚಿತ್ರಗಳು. ಹಳೆಯದರಲ್ಲಿ ಅದೇ ಆಟ, ಅದೇ ದೃಶ್ಯ, ೭೮. ಮತ್ತೆ ಚಿಕ್ಕದಕ್ಕೆ ಬದಲಿಸಲು ಪುನಃ ೨೪. ಅನ್ವಯವೂ ಆಯಿತು, ವ್ಯತಿರೇಕವೂ ಆಯಿತು. ಖರ್ಚು ಒಂದು ಕಾಸೂ ಇಲ್ಲ.

ಈ ನಾಲ್ಕು ಪರೀಕ್ಷೆಗಳಲ್ಲಿಯೂ ದೋಷ ಕಾಣದಿದ್ದರೆ, ಆಟದ ಚಿತ್ರವಿವರಗಳ ಮಟ್ಟವನ್ನು ಇಳಿಸಿ ನೋಡಬಹುದು. ಅದಕ್ಕೂ ಬಗ್ಗದಿದ್ದರೆ ಬಲ್ಲ ರಿಪೇರಿಗಾರನಲ್ಲಿಗೆ ಹೋಗತಕ್ಕದ್ದು, ಮೊದಲೇ ಹೋಗತಕ್ಕದ್ದಲ್ಲ.

ಮಗನಿಗೆ, “ತಪ್ಪು ನಮ್ಮದಪ್ಪಾ, ನಿನ್ನನ್ನು ವಿಚಾರಿಸದೆ ಗದರಿಸಿದೆವು” ಎಂದೆವು. ಅವನು ಮಾತನಾಡದೆ ಹಳೆಯ ಚಾರ್ಜರಿನ ಧೂಳನ್ನು ಒರೆಸಿ ತನ್ನ ಚೀಲದಲ್ಲಿಟ್ಟುಕೊಂಡನು. ಭಾರವಾದುದೇ, ಆದರೂ ಈಗ ದಿನವೂ ಅದನ್ನೇ ಹೊತ್ತೊಯ್ಯುತ್ತಾನೆ.